ನೂಲಿನಷ್ಟು ನೀರು

ಬೆಳಿಗ್ಗೆ ಟ್ರೇಲರಿನ ಕಿಟಕಿಯ ಗಾಜಿನ ಒಳಬದಿಯಲ್ಲೂ ಮಂಜು ಹೆಪ್ಪುಗಟ್ಟಿತ್ತು. ಹಂಸಿನಿ ಉಗುರಿನಿಂದ ಕೆರೆದು, ಪುಟ್ಟದೊಂದು ಕಿಂಡಿ ಮಾಡಿಕೊಂಡು ಹೊರಗೆ ನೋಡಿದಳು. ಹಿಮ ಬಿದ್ದಿರಲಿಲ್ಲ. ಗಾಳಿಯೂ ಇರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಬರಿದಾಗಿತ್ತು. ಪೈನ್ ಮರಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಚಳಿ ಎಂದರೆ ಎಂಥ ಚಳಿ! ರಾತ್ರಿ ಹೊರಗೇ ಉಳಿದಿದ್ದ ಅಪ್ಪನ ಬೂಟು ಕಲ್ಲಾಗಿ ಮೆಟ್ಟಿಲಿಗೆ ಅಂಟಿಕೊಂಡಿತ್ತು.

“ನೀರು ಬರ್ತಿಲ್ಲ,” ಎಂದರು ಅಪ್ಪ.

ಅವರು ಟ್ರೇಲರಿನ ಪುಟ್ಟ ಸಿಂಕ್ ಮುಂದೆ ನಿಂತು ನಲ್ಲಿಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ನಲ್ಲಿ ಒಮ್ಮೆ ಉಸ್ಸೆಂದು ಸುಮ್ಮನಾಯಿತು.

ಕಾರಿನ ಹಿಂದೆ ಕಟ್ಟಿ ಎಳೆದು ತಂದಿದ್ದ ಆ ಗಾಲಿಮನೆ, ಟ್ರೇಲರ್, ಅವರದಲ್ಲ, ವುಡ್‌ಬ್ರಿಡ್ಜ್‌ನ ಬದರೀನಾಥ ಅಂಕಲ್‌ದು. ಲಾಂಗ್ ವೀಕೆಂಡ್ ಬಂತೆಂದು ಅಪ್ಪ ಅದನ್ನು ಕೇಳಿ ತಂದಿದ್ದರು. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಹಾಗಾಗಿ ತಮ್ಮ ಊರಾದ ಬಾಸ್ಕಿಂಗ್ ರಿಡ್ಜ್‌ನಿಂದ ಈ ಬೆಟ್ಟದ ಕ್ಯಾಂಪ್‌ಗ್ರೌಂಡಿಗೆ ಬಂದವರು ಮೂವರೇ: ಅಪ್ಪ, ಹಂಸಿನಿ ಮತ್ತು ನಂಜನಗೂಡಿನಿಂದ ಬಂದಿದ್ದ ಅಜ್ಜಿ.

ಕೀ ಕೊಡುವಾಗ ಅಂಕಲ್ ಒಂದೇ ಮಾತು ಹೇಳಿದ್ದರು. ಪೈಪಿನಲ್ಲಿ ನೀರು ಹೆಪ್ಪುಗಟ್ಟಲು ಬಿಡಬೇಡಿ. ಐಸ್ ಆದ ನೀರು ಉಬ್ಬಿ ಪೈಪನ್ನೇ ಸೀಳಿಬಿಡುತ್ತದೆ ಎಂದು. ಅದಕ್ಕೇ ಅಪ್ಪ ಹಿಂದಿನ ಸಂಜೆ, ಹೊರಗಿನಿಂದ ಟ್ರೇಲರಿಗೆ ನೀರು ತರುವ ಹೋಸ್ ಪೈಪಿಗೆ ದಪ್ಪಗೆ ಫೋಮ್ ಸುತ್ತಿದ್ದರು. ಹೀಟರಿನ ಬಿಸಿಗಾಳಿ ಒಳಗೆ ಹೋಗಲೆಂದು ಸಿಂಕ್ ಕೆಳಗಿನ ಬಾಗಿಲುಗಳನ್ನು ತೆರೆದಿಟ್ಟಿದ್ದರು. ಆಮೇಲೆ ನಲ್ಲಿಯನ್ನು ನೂಲಿನಷ್ಟು ತೆಳ್ಳಗೆ ಬಿಡುವುದು ಹೇಗೆಂದು ಹಂಸಿನಿಗೆ ತೋರಿಸಿದ್ದರು. ಓಡಾಡುತ್ತಿರುವ ನೀರು ಅಷ್ಟು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲವಂತೆ. ಆ ಕೆಲಸ ಅವಳದೇ. “ಇವತ್ತಿಂದ ನೀನೇ ವಾಟರ್ ಕ್ಯಾಪ್ಟನ್,” ಎಂದು ತಮ್ಮ ತಲೆಯ ಹೆಡ್‌ಲ್ಯಾಂಪ್ ತೆಗೆದು ಅವಳ ತಲೆಗೆ ಹಾಕಿದ್ದರು. ಹಂಸಿನಿ ಅದನ್ನು ಹಾಕಿಕೊಂಡೇ ಮಲಗಿದ್ದಳು.

ಈಗ ಅಪ್ಪ ತಿರುಗಿ ನೋಡಿದರು. “ಹಂಸು, ಮಲಗೋ ಮುಂಚೆ ನಲ್ಲಿ ಬಿಟ್ಟಿದ್ಯಾ?”

ಬಿಟ್ಟಿದ್ದಳು. ನೂಲಿನಷ್ಟೇ ತೆಳ್ಳಗೆ, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿ ಬಿಟ್ಟಿದ್ದಳು. ಹಾಗೆಂದು ಹೇಳಲು ಬಾಯಿ ತೆರೆದವಳು ಅಜ್ಜಿಯನ್ನು ನೋಡಿ ಸುಮ್ಮನಾದಳು.

ಅಜ್ಜಿ ಹೀಟರಿನ ಪಕ್ಕ ಶಾಲು ಹೊದ್ದು, ಸ್ಟೀಲಿನ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸ್ನಾನ ಮಾಡಿ ದೇವರಿಗೆ ಕೈಮುಗಿಯದೆ ಅವರು ಕಾಫಿಯನ್ನೂ ಮುಟ್ಟುವವರಲ್ಲ. ಕುಡಿಯಲೆಂದು ಒಂದು ಕ್ಯಾನ್ ನೀರು ಬೇರೆ ಇತ್ತು. ಅದು ಮಗುವಿಗಿರಲಿ ಎಂದು ಅಜ್ಜಿ ಅದರ ತಂಟೆಗೆ ಹೋಗಿರಲಿಲ್ಲ. ಅವರ ಕಾಫಿಲೋಟ ಬೋರಲಾಗಿಯೇ ಇತ್ತು.

ನಲ್ಲಿ ಹೇಗೆ ನಿಂತಿತೆಂದು ಹಂಸಿನಿಗೆ ಗೊತ್ತಿತ್ತು. ರಾತ್ರಿ ಅರೆನಿದ್ದೆಯಲ್ಲಿ ಸಿಂಕಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಅಜ್ಜಿಯ ಬಳೆಗಳ ಸದ್ದು ಕೇಳಿಸಿತು. ಅದಾದ ಮೇಲೆ ನೀರಿನ ಸದ್ದು ನಿಂತುಹೋಯಿತು. ಮನೆಯಲ್ಲೂ ಅಷ್ಟೇ, ಮಲಗುವ ಮುಂಚೆ ಅಜ್ಜಿ ಒಂದು ಸುತ್ತು ಬಂದು ಎಲ್ಲ ನಲ್ಲಿಗಳನ್ನೂ ಬಿಗಿಯಾಗಿ ತಿರುಗಿಸುತ್ತಿದ್ದರು. ನಲ್ಲಿ ತೊಟ್ಟಿಕ್ಕಿದರೆ ಹನಿಹನಿಯಾಗಿ ಲಕ್ಷ್ಮಿಯೇ ಮನೆಬಿಟ್ಟು ಹೋಗುತ್ತಾಳೆಂದು ಅವರ ಅಮ್ಮ ಹೇಳಿಕೊಟ್ಟಿದ್ದರಂತೆ. ನಿನ್ನೆ ರಾತ್ರಿ ನಿದ್ದೆಗಣ್ಣಲ್ಲಿ ಎದ್ದಾಗ ಅಜ್ಜಿಯ ಕೈ ಅಜ್ಜಿಯನ್ನು ಕೇಳದೆಯೇ ಆ ಕೆಲಸ ಮಾಡಿ ಮುಗಿಸಿತ್ತು. ಬೆಳಗಾಗುವ ಹೊತ್ತಿಗೆ ಅವರಿಗೆ ಅದು ನೆನಪೂ ಇರಲಿಲ್ಲ.

ಹೇಳಿಬಿಡಬಹುದಿತ್ತು. ಆದರೆ ಮೈಕ್ರೋವೇವ್ ನೆನಪಾಯಿತು. ಅಜ್ಜಿ ಬಂದ ಹೊಸದರಲ್ಲಿ ಅದರೊಳಗೆ ಸ್ಟೀಲ್ ಬಟ್ಟಲು ಇಟ್ಟು ಕಿಡಿ ಹಾರಿಸಿದ್ದರು. ಇನ್ನೊಂದು ದಿನ ಧೂಪ ಹಾಕಿದಾಗ ಸ್ಮೋಕ್ ಅಲಾರಂ ಬಡಿದುಕೊಂಡು, ಬೀದಿಗೆ ಫೈರ್ ಇಂಜಿನ್ನೇ ಬಂದಿತ್ತು. ಯಾರೂ ಬೈಯಲಿಲ್ಲ. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು. ಆದರೆ ಆಮೇಲಿಂದ ಅವರು ಏನನ್ನು ಮುಟ್ಟುವುದಕ್ಕೂ ಮೊದಲು ಕೈ ಹಿಂದೆ ಕಟ್ಟಿಕೊಂಡು ನಿಂತು, “ಇದನ್ನ ಮುಟ್ಟಬಹುದಾ ಪುಟ್ಟಿ?” ಎಂದು ಕೇಳತೊಡಗಿದ್ದರು. ಮಗನ ಮನೆಯಲ್ಲೇ ನೆಂಟರ ಹಾಗೆ. ಇವತ್ತು ಇದೂ ಸೇರಿದರೆ ಅಜ್ಜಿ ಇನ್ನು ಕಾಫಿಲೋಟವನ್ನೂ ಕೇಳಿಯೇ ಮುಟ್ಟುತ್ತಾರೇನೋ.

“ಸಾರಿ ಅಪ್ಪ,” ಎಂದಳು. “ಐ ಫರ್ಗಾಟ್.”

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ಒಂದೇ ಒಂದು ಕೆಲಸ ಕೊಟ್ಟಿದ್ದೆ, ಹಂಸು,” ಎಂದು ಕೈ ಚಾಚಿದರು. ಟ್ರೇಲರಿನ ಅಡಿಗೆ ಹೋಗಿ ಪೈಪ್ ನೋಡಬೇಕಿತ್ತು, ಅಲ್ಲಿ ಕತ್ತಲೆ. ಹಂಸಿನಿ ಹೆಡ್‌ಲ್ಯಾಂಪ್ ಬಿಚ್ಚಿ ಅವರ ಕೈಗಿಟ್ಟಳು. ಅವರು ಅದರ ಪಟ್ಟಿಯನ್ನು ಸಡಿಲಿಸಿ ತಮ್ಮ ತಲೆಗೆ ಹಾಕಿಕೊಂಡರು.

ಆಮೇಲೆ ಕೆಲಸ ಶುರುವಾಯಿತು. ಅಪ್ಪ ಹೊರಗಿನ ಹೋಸ್ ಬಿಚ್ಚಿ ತಂದು ಬಚ್ಚಲಲ್ಲಿ ಸುರುಳಿ ಮಾಡಿ ಕರಗಲು ಬಿಟ್ಟರು. ಹಂಸಿನಿಯ ಕೈಗೆ ಹೇರ್ ಡ್ರೈಯರ್ ಕೊಟ್ಟು, ಸಿಂಕ್ ಕೆಳಗಿನ ಪೈಪಿಗೆ ಗಾಳಿ ಹಿಡಿಯಬೇಕೆಂದರು. ನಲ್ಲಿಯ ಹತ್ತಿರದಿಂದ ಶುರುಮಾಡಿ ಮೆಲ್ಲಗೆ ಕೆಳಗಿಳಿಯಬೇಕು, ಒಂದೇ ಕಡೆ ನಿಲ್ಲಿಸಬಾರದು, ನಲ್ಲಿ ತೆರೆದೇ ಇರಬೇಕು. ಇಷ್ಟು ಹೇಳಿ ಅವರು ಟ್ರೇಲರಿನ ಅಡಿಗೆ ತೂರಿಕೊಂಡರು.

ಹಂಸಿನಿ ಮಂಡಿಯೂರಿ ಡ್ರೈಯರ್ ಹಿಡಿದಳು. ತೋಳು ಸೋತುಬಂತು. ಅಜ್ಜಿ ಬಂದು ಪಕ್ಕದಲ್ಲಿ ಕೂತರು.

“ನಾನೂ ಸ್ವಲ್ಪ ಹಿಡ್ಕೋಬಹುದಾ ಪುಟ್ಟಿ?”

ಹಂಸಿನಿ ಡ್ರೈಯರನ್ನು ಅವರ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಆರತಿ ಎತ್ತುವ ಹಾಗೆ ಮೇಲಿಂದ ಕೆಳಕ್ಕೆ ನಿಧಾನವಾಗಿ ಆಡಿಸಿದರು.

“ನನ್ನ ತಲೆಕೂದಲಿಗೇ ಯಾರೂ ಇದನ್ನ ಹಿಡಿದಿಲ್ಲ,” ಎಂದರು. “ಈ ಪೈಪಿನ ಯೋಗ ನೋಡು.”

ಹಂಸಿನಿಗೆ ನಗು ಬಂತು. ಅಷ್ಟರಲ್ಲಿ ನೆಲದಡಿಯಿಂದ ಧಡ್ ಎಂದು ಸದ್ದಾಯಿತು. ಅಪ್ಪನ ತಲೆ ಎಲ್ಲಿಗೋ ಬಡಿದಿತ್ತು. ಅಜ್ಜಿ ನೆಲದ ಕಡೆ ಬಾಗಿ, “ತಲೆ ಹುಷಾರು ಕಣೋ ಹರಿ,” ಎಂದರು.

ಪೈಪಿನ ಮೇಲೆ ಒಂದು ಹನಿ ಮೂಡಿತು. ಅದು ಜಾರಿ ಬಿತ್ತು. ಇನ್ನೊಂದು ಮೂಡಿತು. ಪೈಪ್ ಸೀಳಿಬಿಟ್ಟಿದೆಯಾ? ಅಂಕಲ್‌ಗೆ ಏನು ಹೇಳುವುದು? ಹಂಸಿನಿ ಟವೆಲಿನಿಂದ ಒರೆಸಿ, ಬೆರಳಿಟ್ಟು ಮೇಲಿಂದ ಕೆಳಗಿನ ತನಕ ಸವರಿ ನೋಡಿದಳು. ನಯವಾಗಿತ್ತು, ಎಲ್ಲೂ ಬಿರುಕಿಲ್ಲ. ಹೊರಗೆ ಅಂಟಿದ್ದ ಮಂಜಷ್ಟೇ ಕರಗುತ್ತಿತ್ತು.

ಅಪ್ಪ ಕೆಮ್ಮುತ್ತ ಬಂದು, ಕರಗಿದ ಹೋಸನ್ನು ಮತ್ತೆ ಹೊರಗೆ ಜೋಡಿಸಿದರು. ನಲ್ಲಿ ಎರಡು ಸಲ ಸೀನಿತು. ಐಸ್ ಚೂರುಗಳನ್ನು ಉಗುಳಿತು. ಆಮೇಲೆ ಧಡಧಡನೆ ನೀರು ಸುರಿಯಿತು. ಅಜ್ಜಿ ಕಣ್ಣುಮುಚ್ಚಿ ಕೈ ಮುಗಿದು, “ಶ್ರೀಕಂಠೇಶ್ವರಾ,” ಎಂದರು.

ನೂಲಿನಷ್ಟು ಮಾಡು ಎಂದು ಅಪ್ಪ ಹೊರಗಿನಿಂದ ಕೂಗಿ ಹೇಳಿದರು. ಹಂಸಿನಿ ಮೆಲ್ಲಗೆ ತಿರುಗಿಸಿದಳು. ನೀರು ತೆಳ್ಳಗಾಯಿತು. ಇನ್ನೂ ತೆಳ್ಳಗಾಗಿ ಟಿಕ್ ಟಿಕ್ ಎಂದು ಸದ್ದಾಯಿತು.

ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದ ಅಜ್ಜಿ ಆ ಸದ್ದಿಗೆ ತಿರುಗಿದರು. ಅವರ ಕೈ ತಾನಾಗಿ ಮುಂದೆ ಹೋಯಿತು. ಬಳೆಗಳು ಸದ್ದು ಮಾಡಿದವು. ನಲ್ಲಿಯ ಮೇಲೆ ಬೆರಳು ಬಿಗಿಯುವಷ್ಟರಲ್ಲಿ ಕೈ ಅಲ್ಲೇ ನಿಂತಿತು.

ಅಜ್ಜಿ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಆಮೇಲೆ ಹಂಸಿನಿಯನ್ನು ನೋಡಿದರು.

“ರಾತ್ರಿ ನೀನು ಬಿಟ್ಟಿದ್ದೆ, ಅಲ್ವಾ ಮಗು?”

ಹಂಸಿನಿ ಟವೆಲನ್ನು ಮಡಿಸತೊಡಗಿದಳು. “ಇಟ್ಸ್ ಓಕೆ, ಅಜ್ಜಿ.”

ಅಜ್ಜಿ ಚೊಂಬಿನಲ್ಲಿ ನೀರು ಹಿಡಿದುಕೊಂಡು ಸ್ನಾನಕ್ಕೆ ಹೋದರು. ದೇವರಿಗೆ ಕೈಮುಗಿದು ಕಾಫಿ ಕುಡಿದರು. ಮಧ್ಯಾಹ್ನ ಮೂವರೂ ಕೆರೆಯ ತನಕ ನಡೆದುಹೋದರು. ಕೆರೆ ಪೂರ್ತಿ ಗಾಜಾಗಿತ್ತು. ಅಪ್ಪ ಕಲ್ಲೊಂದನ್ನು ಜಾರಿಸಿದರೆ ಅದು ಹಕ್ಕಿಯ ಹಾಗೆ ಕೂಗುತ್ತ ದೂರ ಹೋಯಿತು. ಅಜ್ಜಿ ಮಾತ್ರ ಶಾಲಿನೊಳಗೆ ಕೈ ಮುಚ್ಚಿಕೊಂಡೇ ನಡೆದರು. ಗೊತ್ತಾಗಿಯೇ ಹೋಯಿತಲ್ಲ, ಇನ್ನು ಆ ಕೈ ಹೊರಗೆ ಬರುವುದೇ ಇಲ್ಲ ಎಂದುಕೊಂಡಳು ಹಂಸಿನಿ.

ಸಂಜೆ ಸೂರ್ಯ ಮರಗಳ ಹಿಂದೆ ಇಳಿಯುತ್ತಿದ್ದ ಹಾಗೆ ಚಳಿ ಮತ್ತೆ ಬಾಗಿಲ ಸಂದಿಯಲ್ಲಿ ನುಸುಳಿತು. ಅಪ್ಪ ಹೆಡ್‌ಲ್ಯಾಂಪ್ ಹಾಕಿಕೊಂಡು ಹೋಸಿನ ಫೋಮ್ ಸರಿಯಿದೆಯೇ ಎಂದು ನೋಡಿಬಂದರು. ಅವರು ಒಳಗೆ ಬರುವಷ್ಟರಲ್ಲಿ ಅಜ್ಜಿ ಎದ್ದಿದ್ದರು. ಯಾರನ್ನೂ ಕೇಳಲಿಲ್ಲ. ಸಿಂಕ್ ಕೆಳಗಿನ ಬಾಗಿಲುಗಳನ್ನು ತೆರೆದರು. ಸೋಪ್ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಬಿಸಿಗಾಳಿಗೆ ದಾರಿ ಮಾಡಿದರು. ನಲ್ಲಿ ತಿರುಗಿಸಿ, ಬಗ್ಗಿ ನೋಡಿ ನೀರನ್ನು ನೂಲಿನಷ್ಟು ತೆಳ್ಳಗೆ ಮಾಡಿದರು. ಅದರ ಕೆಳಗೆ ತಮ್ಮ ಚೊಂಬನ್ನು ಇಟ್ಟರು.

“ಹರಿ, ನಿನ್ನೆ ನಲ್ಲಿ ನಿಲ್ಲಿಸಿದ್ದು ನಾನು,” ಎಂದರು. “ಮಗು ಬಿಟ್ಟೇ ಮಲಗಿತ್ತು.”

ಅಪ್ಪ ಹಂಸಿನಿಯ ಕಡೆ ನೋಡಿದರು, ಅಜ್ಜಿಯ ಕಡೆ ನೋಡಿದರು. ಆಮೇಲೆ ಮೈಕ್ರೋವೇವ್ ದಿನ ನಕ್ಕ ಹಾಗೆಯೇ ನಕ್ಕರು. “ಅಯ್ಯೋ, ಪರವಾಗಿಲ್ಲ ಬಿಡಮ್ಮ. ನಿನಗೇನು ಗೊತ್ತು ಇದೆಲ್ಲ.”

“ಗೊತ್ತಿಲ್ಲ, ನಿಜ,” ಎಂದರು ಅಜ್ಜಿ. ದನಿ ಮೆತ್ತಗೇ ಇತ್ತು. “ಅದಕ್ಕೇ ನಗಬೇಡ, ಹೇಳಿಕೊಡು. ಇವಳಿಗೆ ಹೇಳಿಕೊಟ್ಟಿಯಲ್ಲ, ಹಾಗೆ.”

ಅಪ್ಪನ ನಗು ನಿಂತಿತು. ಹಂಸಿನಿಯ ಕೆನ್ನೆಯೂ ಬಿಸಿಯಾಯಿತು. ಅವತ್ತು ಅವಳೂ ನಕ್ಕಿದ್ದಳು. ಇವತ್ತು ನಿಜ ಬಚ್ಚಿಟ್ಟಿದ್ದಳು. ಆದರೆ ಹೇಳಿಕೊಡಬೇಕೆಂದು ಎರಡು ಸಲವೂ ಹೊಳೆದಿರಲಿಲ್ಲ.

ಚೊಂಬಿನಲ್ಲಿ ನೀರು ತುಂಬುತ್ತಿತ್ತು.

“ಲಕ್ಷ್ಮಿ ಹೊರಟುಹೋಗಲ್ವಾ ಅಜ್ಜಿ?” ಎಂದು ಹಂಸಿನಿ ಮೆಲ್ಲಗೆ ಕೇಳಿದಳು.

“ಎಲ್ಲಿಗೆ ಹೋಗ್ತಾಳೆ? ಚೊಂಬಲ್ಲೇ ಇರ್ತಾಳೆ. ಬೆಳಿಗ್ಗೆ ನನ್ನ ಸ್ನಾನಕ್ಕಾಯ್ತು. ಮಲಗೋವಾಗ ದೊಡ್ಡ ಪಾತ್ರೆ ಇಟ್ಟರಾಯ್ತು.” ಅಜ್ಜಿ ನೀರಿನ ಎಳೆಯನ್ನೇ ನೋಡುತ್ತಿದ್ದರು. “ದೇವಸ್ಥಾನದಲ್ಲಿ ಈಶ್ವರನ ತಲೆ ಮೇಲೆ ಧಾರಾಪಾತ್ರೆ ತೂಗುಹಾಕಿರ್ತಾರೆ. ತಳದಲ್ಲಿ ಸಣ್ಣ ತೂತು. ಹನಿ ಬೀಳ್ತಾನೇ ಇರುತ್ತೆ. ಅದನ್ನ ಮಾತ್ರ ಯಾರೂ ನಿಲ್ಲಿಸಲ್ಲ. ಇವತ್ತು ಕೆರೆ ಹತ್ರ ನೆನಪಾಯ್ತು ನೋಡು.”

ಹೇಳುತ್ತ ಅಜ್ಜಿ ಸ್ಟವ್ ಹಚ್ಚಿ ಅನ್ನಕ್ಕಿಟ್ಟರು. ಯಾರನ್ನೂ ಕೇಳಲಿಲ್ಲ.

ಹಂಸಿನಿ ಸಿಂಕಿನ ಮುಂದೆ ನಿಂತು ನೀರನ್ನು ನೋಡಿದಳು. ಅವಳು ಬಿಟ್ಟಿದ್ದಕ್ಕಿಂತ ಒಂದು ಎಳೆ ದಪ್ಪವಿತ್ತೇನೋ. ಇರಲಿ ಎಂದುಕೊಂಡಳು.

ಹಿಂದಿನಿಂದ ಯಾರೋ ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದರು. ಅಪ್ಪ. ಅವರು ತಮ್ಮ ತಲೆಯ ಹೆಡ್‌ಲ್ಯಾಂಪ್ ಬಿಚ್ಚಿ, ಪಟ್ಟಿಯನ್ನು ಮತ್ತೆ ಅವಳ ಅಳತೆಗೆ ಬಿಗಿಮಾಡಿ, ಅವಳ ಹಣೆಯ ಮೇಲೆ ಕೂರಿಸಿದರು.