ಬಗ್ಗಿ ನಮಸ್ಕರಿಸಿದ ಪೊಲೀಸ

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ಇಸೋಹಾಮಾ ಠಾಣೆಗೆ ಬಂದ ಒನೋದೆರಾ ದೂರು ಕೊಡಲು ಬಂದವನಲ್ಲ, ತನ್ನ ಲೈಸೆನ್ಸ್ ವಾಪಸು ಕೇಳಲು ಬಂದವನು.

"ನಿನ್ನೆ ನಿಮ್ಮವನೇ ಇಸ್ಕೊಂಡ. ಠಾಣೆಗೆ ಬಂದು ತಗೊಂಡು ಹೋಗಿ ಅಂದ. ಬಂದಿದ್ದೀನಿ, ಕೊಡ್ರೀ!" ಎಂದು ಮೇಜು ಕುಟ್ಟಿದ. ಬಂದರಿನಿಂದ ಮೀನು ಸಾಗಿಸುವ ವ್ಯಾನಿನ ಮಾಲೀಕ. ಮೈಯಿಂದ ಬಂಗಡೆ ವಾಸನೆ ಹೊಡೆಯುತ್ತಿತ್ತು.

ಕಪಾಟುಗಳನ್ನೆಲ್ಲ ತಡಕಿದರು. ಲೈಸೆನ್ಸ್ ಸಿಗಲಿಲ್ಲ. ವಿಚಿತ್ರವೆಂದರೆ, ಹಿಂದಿನ ದಿನ ಕಡಲ ರಸ್ತೆಯಲ್ಲಿ ಠಾಣೆಯ ಯಾರೂ ವಾಹನ ತಪಾಸಣೆಗೆ ಹೋಗಿರಲೇ ಇಲ್ಲ. ಇನ್‌ಸ್ಪೆಕ್ಟರ್ ತೊಕುನಾಗಾ ಅವನನ್ನು ಒಳಗೆ ಕೂರಿಸಿಕೊಂಡರು.

"ಎಷ್ಟು ಹೊತ್ತಿಗೆ?"

"ಸಂಜೆ ನಾಲ್ಕೂವರೆ ಇರಬಹುದು. ಸುರಂಗ ದಾಟಿದ ಕೂಡಲೇ."

"ಆಸಾಮಿ ಹೇಗಿದ್ದ?"

"ನೀಲಿ ಅಂಗಿ, ಬಿಳಿ ಹೆಲ್ಮೆಟ್, ಮಾಸ್ಕ್. ಪೊಲೀಸ್ ಹೆಂಗಿರ್ತಾನೋ ಹಂಗೆ."

"ಬ್ಯಾಡ್ಜ್ ನೋಡಿದ್ರಾ?"

"ಕೈ ಎತ್ತಿದ, ನಿಲ್ಲಿಸ್ದೆ. ಪೊಲೀಸಿನವನ ಜಾತಕ ಕೇಳೋಕಾಗುತ್ತಾ?"

ಎಫ್‌ಐಆರ್ ದಾಖಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿದ್ದರೆ ಹುಡುಕಾಟ ಮನೆಯೊಳಗಿನಿಂದಲೇ ಶುರುವಾಗಬೇಕು. ಸುರಂಗದಾಚೆಯ ಚೌಕಿಯ ಕಾನ್‌ಸ್ಟೇಬಲ್ ಕುರೋಸೆಗೆ ಬರಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಕೇಳುವ ಮೊದಲೇ ಆತ "ನಾನಲ್ಲ ಸಾರ್" ಎಂದುಬಿಟ್ಟ.

"ನಾಲ್ಕೂವರೆಗೆ ಎಲ್ಲಿದ್ದೆ?"

"ಬೀಟ್‌ನಲ್ಲಿ."

"ಯಾವ ಬೀದೀಲಿ?"

ಕುರೋಸೆ ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಬೇರೆ ಹೆಸರು ಸಿಗದಿದ್ದರೆ ಇವನ ಬ್ಯಾಡ್ಜ್ ಕಳಚಿ ಮನೆಗೆ ಕಳಿಸಿ ಎಂದು ಮೇಲಧಿಕಾರಿ ಫೋನಿನಲ್ಲೇ ಅಪ್ಪಣೆ ಮಾಡಿದರು. ತೊಕುನಾಗಾ ಫೋನಿಟ್ಟು ಕುರೋಸೆಯನ್ನು ನೋಡಿದರು. ಇಬ್ಬರೂ ಒಂದೇ ಠಾಣೆಯಲ್ಲಿ ಮೀಸೆ ನರೆಸಿಕೊಂಡವರು. ಆದರೂ ಅವನ ಮೌನ ಅವರಿಗೆ ಹಿಡಿಸಲಿಲ್ಲ.

ಒನೋದೆರಾನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, "ಆ ಪೊಲೀಸ್ ಏನೇನು ಮಾಡಿದ್ನೋ ಹಾಗೇ ಮಾಡಿ ತೋರಿಸಿ," ಎಂದರು. ಅವನು ಗೊಣಗುತ್ತಲೇ ಕೈ ಎತ್ತಿದ, ಕಿಟಕಿಗೆ ಬಂದ ಹಾಗೆ ಬಾಗಿದ, ಲೈಸೆನ್ಸ್ ಇಸಿದುಕೊಂಡ. ಕೊನೆಗೆ ಒಂದು ಹೆಜ್ಜೆ ಹಿಂದೆ ಸರಿದು, 'ಹೊರಡಿ' ಎಂಬಂತೆ ಕೈ ಬೀಸಿ, ಸೊಂಟ ಬಗ್ಗಿಸಿ ನಮಸ್ಕರಿಸಿದ.

"ಅದೇನದು, ಕೊನೇದು?"

"ಅವನು ಮಾಡಿದ್ನಲ್ಲ! ಕನ್ನಡೀಲಿ ನೋಡ್ದೆ. ನಾನು ತಿರುವು ದಾಟೋವರೆಗೂ ಬಗ್ಗೇ ಇದ್ದ."

ತೊಕುನಾಗಾ ಕುರೋಸೆಯ ಕಡೆ ತಿರುಗಿದರು. ಲೈಸೆನ್ಸ್ ಕಿತ್ತುಕೊಂಡು ಯಾವ ಪೊಲೀಸ ನಮಸ್ಕಾರ ಮಾಡುತ್ತಾನೆ? ಇವನಂತೂ ಅತ್ತೆಯ ಮುಂದೆಯೂ ಬೆನ್ನು ಬಗ್ಗಿಸಿದವನಲ್ಲ. ನಿಲ್ಲಿಸಿದ್ದಕ್ಕೆ ಕ್ಷಮೆ ಕೋರುವಂತೆ ಒಂದೊಂದು ಗಾಡಿಗೂ ಬಗ್ಗುವವರು ಬೇರೆ ಇದ್ದಾರೆ.

"ಕುರೋಸೆ, ಗಾಡಿ ತೆಗಿ."

ದಾರಿಯಲ್ಲಿ ಕುರೋಸೆ ತಾನಾಗಿಯೇ ಹೇಳಿದ: "ಸೊಬಾ ನೂಡಲ್ಸ್ ಅಂಗಡಿ ಹಿಂದಿನ ಕೋಣೇಲಿ ನಿದ್ದೆ ಹೋಗಿದ್ದೆ ಸಾರ್. ಬೇಕಾದ್ರೆ ಆ ಅಜ್ಜೀನ ಕೇಳಿ."

"ಬ್ಯಾಡ್ಜ್ ಹೋದ್ರೂ ಪರವಾಗಿಲ್ಲ, ಮಾನ ಉಳೀಲಿ ಅಂತ ಸುಮ್ನಿದ್ಯಾ? ಪುಣ್ಯಾತ್ಮ!"

ಸುರಂಗದಿಂದ ಸ್ವಲ್ಪ ಆಚೆ ತಡೆಗೋಡೆಯ ಕೆಲಸ ನಡೆದಿತ್ತು. ರಸ್ತೆಯ ಅರ್ಧ ಭಾಗ ಮುಚ್ಚಿತ್ತು. ಎರಡೂ ತುದಿಯಲ್ಲಿ ಖಾಸಗಿ ಕಂಪನಿಯ ಒಬ್ಬೊಬ್ಬ ಕಾವಲುಗಾರ ಬಾವುಟ ಹಿಡಿದು ವಾಹನ ಬಿಡುತ್ತಿದ್ದ. ಇಂಥವರ ಉಡುಪು ಪೊಲೀಸರದನ್ನು ಹೋಲಬಾರದು, ತೋಳಿನಲ್ಲಿ ಎದೆಯಲ್ಲಿ ಕಂಪನಿಯ ಲಾಂಛನ ಎದ್ದು ಕಾಣಬೇಕು ಎಂಬುದು ನಿಯಮ. ಆದರೆ ಈ ಕಂಪನಿಯದೂ ನೀಲಿ ಅಂಗಿಯೇ. ಲಾಂಛನ ತೆಗೆದುಬಿಟ್ಟರೆ ದೂರದಿಂದ ಕುರೋಸೆಯೂ ಒಂದೇ, ಇವರೂ ಒಂದೇ.

ಮೊದಲ ತುದಿಯ ಯುವಕ ಬಿಳಿ ಬಾವುಟ ಬೀಸಿ ನಮಸ್ಕರಿಸಿದ. ಅವನ ತೋಳಿನ ಲಾಂಛನಕ್ಕೆ ನೀಟಾದ ಮೆಷಿನ್ ಹೊಲಿಗೆ. ಆಚೆ ತುದಿಯಲ್ಲಿದ್ದವರು ಅರವತ್ತೈದು ದಾಟಿದ ಇಗಾರಾಶಿ. ಅವರೂ ಬಾವುಟ ಬೀಸಿ ಬಗ್ಗಿದರು. ಕಾರು ಮುಂದೆ ಹೋಗಲಿಲ್ಲ. ತೊಕುನಾಗಾ ಇಳಿದರು.

"ತೋಳಿನ ಲಾಂಛನ ಯಾರು ಹೊಲಿದಿದ್ದು, ಅಜ್ಜ?"

"ಕಂಪನಿಯವರು."

"ಕಂಪನಿಯವರು ಕಪ್ಪು ದಾರದಲ್ಲಿ ಕೈಹೊಲಿಗೆ ಹಾಕ್ತಾರಾ?"

ಇಗಾರಾಶಿ ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಲೈಸೆನ್ಸನ್ನು ಎರಡೂ ಕೈಯಲ್ಲಿ ಒಪ್ಪಿಸಿದರು. ಸ್ಥಳದಲ್ಲೇ ಪಂಚನಾಮೆ ಮಾಡಿ ಲೈಸೆನ್ಸ್, ಅಂಗಿ, ಲಾಂಛನ ಜಪ್ತಿ ಮಾಡಲಾಯಿತು.

ಠಾಣೆಯಲ್ಲಿ ವಿಚಾರಣೆ ಉದ್ದವಾಗಲಿಲ್ಲ.

"ಪೊಲೀಸ್ ವೇಷ ಯಾಕೆ?"

"ನನ್ನ ಹೆಂಡ್ತಿ ಸಾರ್, ಇದೇ ಕೆಲಸ, ಇದೇ ರಸ್ತೆ. ಆಗಸ್ಟಲ್ಲಿ ಅವಳು ಕೆಂಪು ಬಾವುಟ ಎತ್ತಿದ್ರೂ ಒಂದು ವ್ಯಾನು ನಿಲ್ಲಲಿಲ್ಲ. ತಪ್ಪಿಸ್ಕೊಳ್ಳೋಕೆ ಹೋಗಿ ಮೋರಿಗೆ ಬಿದ್ದು ಸೊಂಟ ಮುರ್ಕೊಂಡ್ಲು. ಇವತ್ತಿಗೂ ಹಾಸಿಗೆ ಬಿಟ್ಟು ಎದ್ದಿಲ್ಲ."

"ಇದೇ ವ್ಯಾನ್ ಅಂತ ಹೇಗೆ ಹೇಳ್ತೀರಿ?"

"ಹಿಂದಿನ ಬಾಗಿಲ ಮೇಲೆ ಹಳದಿ ಏಡಿ ಚಿತ್ರ. ಬಿದ್ದಲ್ಲಿಂದಲೇ ನೋಡಿದ್ಲು. ಪಾಳಿ ಮುಗಿಸಿ ದಿನಾ ಕಾದೆ, ನಿನ್ನೆ ಸಿಕ್ತು."

"ದೂರು ಕೊಡಲಿಲ್ವಾ?"

ಇಗಾರಾಶಿ ಬಾಗಿಲ ಬಳಿ ನಿಂತಿದ್ದ ಕುರೋಸೆಯನ್ನು ನೋಡಿದರು. "ಚೌಕಿಗೆ ಹೋಗಿದ್ದೆ. ಗಾಡಿ ತಾಗೇ ಇಲ್ವಲ್ಲ ಅಜ್ಜ ಅಂದ್ರು. ನಿಮ್ಮ ಬಾವುಟ ಬರೀ ವಿನಂತಿ, ಯಾರೂ ನಿಲ್ಲಲೇಬೇಕು ಅಂತಿಲ್ಲ ಅಂದ್ರು."

ಕುರೋಸೆಯ ಕುತ್ತಿಗೆ ಕೆಂಪೇರಿತು. ತಾಗದಿದ್ದರೂ, ಬೀಳಿಸಿ ಪರಾರಿಯಾದರೆ ಅದು ಅಪಘಾತವೇ. ಅದು ಅವನಿಗೆ ತಿಳಿಯದ ಕಾನೂನಲ್ಲ.

"ಲೈಸೆನ್ಸ್ ಯಾಕೆ ಇಸ್ಕೊಂಡ್ರಿ?"

"ಅದನ್ನ ಕೇಳ್ಕೊಂಡು ಇಲ್ಲಿಗೆ ಬಂದೇ ಬರ್ತಾನಲ್ಲ ಸಾರ್. ನಾನು ಕರೆದಿದ್ರೆ ಬರ್ತಿದ್ನಾ?"

ಮಧ್ಯಾಹ್ನ ಮೂರು ಗಂಟೆಗೆ ಬಂಧನ ದಾಖಲಾಯಿತು. ಬರೆಯುವಾಗ ತೊಕುನಾಗಾಗೆ ಸಂಕಟವಾಯಿತು, ಆದರೂ ಬರೆದರು. ಹೊರಗೆ ಬೆಂಚಿನ ಮೇಲಿದ್ದ ಒನೋದೆರಾ, "ಸಿಕ್ತಲ್ಲ, ಇನ್ನಾದ್ರೂ ಕೊಡಿ," ಎಂದು ಕೈ ಚಾಚಿದ.

"ಅದು ಈಗ ಜಪ್ತಿ ಮಾಲು. ನೀವು ಒಳಗೆ ಬನ್ನಿ. ಆಗಸ್ಟ್ ತಿಂಗಳ ಬಗ್ಗೆ ಸ್ವಲ್ಪ ಕೇಳೋದಿದೆ."

"ಈ ದೂರು ನಾನೇ ಬರ್ಕೋತೀನಿ ಸಾರ್," ಎಂದ ಕುರೋಸೆ ನೆಲ ನೋಡುತ್ತ.

ಕಿರಿದಾದ ಓಣಿಯಲ್ಲಿ ಇಗಾರಾಶಿಯವರನ್ನು ಲಾಕಪ್ಪಿನ ಕಡೆ ಕರೆದೊಯ್ಯುತ್ತಿದ್ದರು. ಎದುರಿಗೆ ಒನೋದೆರಾ ಬಂದದ್ದು ಕಂಡು ಮುದುಕ ಅಭ್ಯಾಸಬಲದಿಂದ ಗೋಡೆಗೆ ಸರಿದು ದಾರಿ ಬಿಟ್ಟರು. ಬೇಡಿ ತೊಟ್ಟ ಕೈಗಳನ್ನು ಬೀಸಲಾಗದೆ ಹಾಗೆಯೇ ಸೊಂಟ ಬಗ್ಗಿಸಿ ನಮಸ್ಕರಿಸಿದರು.

ಈ ಸಲ ಒನೋದೆರಾ ನಿಂತ.