ಕುಲುಕಿದರೆ ನಿಲ್ಲುವ ಕ್ಯಾಮೆರಾ

ಪಿಕಪ್ ಗಾಡಿಯ ಹಿಂಬಾಗಿಲು ಇಳಿಸಿದರು. ಹೋರಿ ಇಳಿಯಲಿಲ್ಲ. ಅಲ್ಲೇ ಕುಸಿಯಿತು.

ಹಿರೇಕೆರೂರಿನ ಹೋರಿ ಬೆದರಿಸುವ ಅಖಾಡ. ಬೆಳಗಿನ ಹತ್ತು ಗಂಟೆ. ಅಕ್ಕಿಆಲೂರಿನ ಕರಿಗುಂಡ ಎಂದರೆ ಹಾನಗಲ್ಲಿನಿಂದ ಸವಣೂರಿನವರೆಗೆ ಹೆಸರು. ಮೈತುಂಬ ಕೊಬ್ಬರಿ ಸರ ಕಟ್ಟಿಕೊಂಡು ಓಡಿದರೆ ಒಂದು ಬಟ್ಟಲು ಕೊಬ್ಬರಿಯನ್ನೂ ಯಾರೂ ಹರಿದುಕೊಂಡದ್ದಿಲ್ಲ. ಆ ಹೋರಿ ಈಗ ಜೊಲ್ಲು ಸುರಿಸುತ್ತ ಬಿದ್ದಿತ್ತು. ದನದ ಡಾಕ್ಟರ್ ಓಡಿ ಬಂದರು. ಯಾರೋ ಮಂಪರಿನ ಸೂಜಿ ಚುಚ್ಚಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಸಂಜೆಗೆ ಎದ್ದೀತು ಎಂದರು.

ಸೂಜಿಯ ಮುಚ್ಚಳ ಸಿಕ್ಕಿದ್ದು ಮೈಲಾರಪ್ಪನ ಬಟ್ಟೆಗಂಟಿನಲ್ಲಿ.

ಮೈಲಾರಪ್ಪ ಕರಿಗುಂಡನನ್ನು ಕರುವಾಗಿನಿಂದ ಮೇಯಿಸಿದ ಆಳು. ದಾರಿಯುದ್ದಕ್ಕೂ ಗಾಡಿಯ ಹಿಂದೆ ಹೋರಿಯ ಜೊತೆ ನಿಂತು ಬಂದವನು ಅವನೊಬ್ಬನೇ. ಮುಂದೆ ಗಾಡಿ ಓಡಿಸಿದವನು ಮಾಲತೇಶ, ಹೋರಿಯ ಒಡತಿ ಅಡಿವೆವ್ವನ ತಮ್ಮನ ಮಗ. ಅಡಿವೆವ್ವ ಬಸ್ಸಿನಲ್ಲಿ ಮೊದಲೇ ಬಂದು ಕಾದಿದ್ದಳು.

"ನನ್ನ ಮನ್ಯಾಗ ಉಂಡು ನನ್ನ ಹೋರಿಗೇ ಸೂಜಿ ಚುಚ್ಚಿದೇನೋ, ಭಾಡ್ಯಾ!" ಎಂದು ಅವಳು ಮೈಲಾರಪ್ಪನ ಅಂಗಿ ಹಿಡಿದಳು. ಅವನು ಬಾಯಿ ಬಿಡುವ ಮೊದಲೇ ನನ್ನ ಕಡೆ ತಿರುಗಿದಳು. "ಅಲ್ಲಬೇ ಶಾಹೀನಾ, ಗಾಡ್ಯಾಗ ಇಟ್ಟ ನಿನ್ನ ಕ್ಯಾಮೆರಾ ಏನು ಮಣ್ಣು ತಿನ್ನಾಕತ್ತಿತ್ತೇನು?"

ನಾನು ಹಾನಗಲ್ಲಿನಲ್ಲಿ ಸ್ಟುಡಿಯೋ ಇಟ್ಟವಳು. ಅಂದು ಅಖಾಡದ ವಿಡಿಯೋ ಮಾಡಲು ಬಂದಿದ್ದೆ. ಸಾವಿರ ಜನರ ಎದುರು ಬೈಸಿಕೊಂಡೆ. ಮೈಯೆಲ್ಲ ಉರಿದುಹೋಯಿತು.

* * *

ಆ ಕ್ಯಾಮೆರಾದ ಕತೆ ಹೇಳಲೇಬೇಕು.

ಹೋದ ತಿಂಗಳು ಶಿಗ್ಗಾವಿಗೆ ಹೋಗುವಾಗ ದಾರಿಯಲ್ಲಿ ಯಾರೋ ಕರಿಗುಂಡನ ಕೊಬ್ಬರಿ ಸರ ಕತ್ತರಿಸಿದ್ದರು. ಮರುದಿನವೇ ಅಡಿವೆವ್ವ ನನ್ನ ಅಂಗಡಿಗೆ ಬಂದಳು.

"ಓಡೋ ಗಾಡಿಯೊಳಗ ಇಡಾಕ ಒಂದು ಕ್ಯಾಮೆರಾ ಬೇಕಬೇ."

ನಾನು ಅಂಗೈಯಷ್ಟು ಸಣ್ಣದೊಂದನ್ನು ತೋರಿಸಿದೆ. ಅಗಲವಾಗಿ ಕಾಣುವ ಲೆನ್ಸು, ಒಳಗೆ ಮೆಮೊರಿ ಕಾರ್ಡು. ಎಷ್ಟೇ ಕುಲುಕಿದರೂ ರೆಕಾರ್ಡಿಂಗ್ ನಿಲ್ಲದು.

"ಥೂ! ಬೆಂಕಿಪೊಟ್ಟಣ ಇದ್ದಂಗೈತಿ. ಕಳ್ಳ ನೋಡಿದ್ರ ಅಂಜಬೇಕವಾ. ಅಲ್ಲೈತಲ್ಲ ದೊಡ್ಡದು, ಅದನ್ನ ಕೊಡು."

ಆ ದೊಡ್ಡದು ಹದಿನೈದು ವರ್ಷದ ಹಳೆಯ ಕ್ಯಾಮ್‌ಕಾರ್ಡರ್. ಅದರಲ್ಲಿ ಕಾರ್ಡಿಲ್ಲ, ಗರಗರ ತಿರುಗುವ ಹಾರ್ಡ್ ಡಿಸ್ಕ್. ಜೋರಾಗಿ ಕುಲುಕಿದರೆ ಡಿಸ್ಕ್ ಕೆಟ್ಟೀತೆಂದು ತಾನೇ ರೆಕಾರ್ಡಿಂಗ್ ನಿಲ್ಲಿಸುತ್ತದೆ. ಕುಲುಕಾಟ ನಿಂತರೆ ಮತ್ತೆ ಶುರು. ಮದುವೆ ಮಂಟಪದಲ್ಲಿ ಸ್ಟ್ಯಾಂಡಿನ ಮೇಲಿಟ್ಟರೆ ಚಿನ್ನದಂಥದ್ದು, ಓಡುವ ಗಾಡಿಗೆ ಶುದ್ಧ ದಂಡ. ಇಷ್ಟನ್ನೂ ಬಿಡಿಸಿ ಹೇಳಿದೆ. ಕೇಳಿದಳೇ? ಇಲ್ಲ. ಸಾಕಾಗಿ ಕೊಟ್ಟು ಕಳಿಸಿದೆ. ಆ ತಪ್ಪು ನನ್ನದೇ.

* * *

ಹಿರೇಕೆರೂರು ಠಾಣೆಯಲ್ಲಿ ಪಿಎಸ್‌ಐ ಜಯಶ್ರೀ ಕ್ಯಾಮೆರಾವನ್ನು ಮೇಜಿನ ಮೇಲೆ ಕುಕ್ಕಿದರು.

"ಏನ್ರಿ ಇದು? ನೂರಾ ಹನ್ನೆರಡು ತುಂಡು ವಿಡಿಯೋ. ಒಂದರಾಗೂ ಏನೂ ಕಾಣಂಗಿಲ್ಲ, ಎಲ್ಲಾ ಕಪ್ಪು!"

ಕಪ್ಪಾಗದೆ ಇನ್ನೇನು? ದಾರಿಯಲ್ಲಿ ಹೋರಿಗೆ ಯಾರ ದೃಷ್ಟಿಯೂ ತಾಗಬಾರದೆಂದು ಗಾಡಿಯ ಸುತ್ತ ತಾಡಪಾಲು ಕಟ್ಟಿದ್ದರು. ಸಾಲದ್ದಕ್ಕೆ ಹೋರಿಯ ಬೆನ್ನ ಮೇಲೆ ಹೊದಿಸಿದ್ದ ಜೂಲಿನ ಬಟ್ಟೆ ಜಾರಿ ಲೆನ್ಸಿನ ಮೇಲೇ ಬಿದ್ದಿತ್ತು.

"ಅದನ್ನ ಅವನ ಮುಚ್ಚಿರತಾನ್ರಿ," ಎಂದ ಮಾಲತೇಶ, ಮೈಲಾರಪ್ಪನತ್ತ ಬೆರಳು ತೋರಿಸುತ್ತ.

ಮೈಲಾರಪ್ಪ ನೆಲದ ಮೇಲೆ ಕುಳಿತಿದ್ದ. ಮಡಿಲಲ್ಲಿ ಅರ್ಧ ಹೋಳು ತೆಂಗಿನಕಾಯಿ, ಅದರ ಮೇಲೆ ಕುಂಕುಮ.

"ಗಡಿ ದುರ್ಗವ್ವನ ಕಟ್ಟಿ ಹತ್ರ ಗಾಡಿ ನಿಂತಿತ್ರಿ ಮೇಡಂ. ನಾ ಇಳದು ಕಾಯಿ ಒಡ್ಯಾಕ ಹೋಗಿದ್ನಿ. ಅಷ್ಟೊತ್ತು ಹೋರಿ ಹತ್ರ ನಾ ಇರಲಿಲ್ಲರಿ."

"ಸುಳ್ಳು!" ಮಾಲತೇಶ ಎದ್ದೇ ನಿಂತ. "ಹೊತ್ತಾಗಿತ್ತು ಅಂತ ನಾ ಎಲ್ಲೂ ನಿಲ್ಲಿಸಿಲ್ಲರಿ. ಒಂದ ಸವನ ಓಡಿಸ್ಕೊಂತ ಬಂದೇನಿ."

"ಗಡಿ ದಾಟುವಾಗ ಕಾಯಿ ಒಡಿಲಾರ್ದ ನಾ ಹೋರಿ ಕರಕೊಂಡು ಹೋಗೂದುಂಟೇನ್ರಿ?"

"ಕಾಯಿ ಎಲ್ಲಿ ಬೇಕಾದ್ರೂ ಸಿಗತೈತಿ," ಎಂದರು ಜಯಶ್ರೀ. "ಒಬ್ಬರದು ಒಂದು ಮಾತು, ಇನ್ನೊಬ್ಬರದು ಇನ್ನೊಂದು. ಮುಚ್ಚಳ ಮಾತ್ರ ನಿನ್ನ ಗಂಟಿನಾಗ ಸಿಕ್ಕೈತಿ. ಸಂಜಿಯೊಳಗ ನಿನ್ನ ಮ್ಯಾಲೆ ಕೇಸು, ತಿಳೀತಿಲ್ಲೋ?"

ಮೈಲಾರಪ್ಪ ಅಡಿವೆವ್ವನ ಮುಖ ನೋಡಿದ. ಅವಳು ಬೇರೆ ಕಡೆ ನೋಡಿದಳು. ನನಗೆ ಅವಳ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು. ಆ ಸಣ್ಣ ಕ್ಯಾಮೆರಾ ಇದ್ದಿದ್ದರೆ ಈ ಪಾಡು ಇರುತ್ತಿತ್ತೇ?

"ಒಂದು ತಾಸು ಕೊಡ್ರಿ ಮೇಡಂ," ಎಂದೆ. "ಎಲ್ಲಾ ತುಂಡೂ ಒಂದು ಸಲ ನೋಡ್ತೇನಿ."

"ಕಪ್ಪು ನೋಡಿ ಏನು ಮಾಡ್ತೀರಿ?"

"ಮಾರಿದಾಕಿ ನಾನರಿ. ಬೈಸಿಕೊಂಡಾಕಿನೂ ನಾನ. ನೋಡೂದರ ನೋಡ್ತೇನಿ, ಬಿಡ್ರಿ."

* * *

ಹತ್ತು ಸೆಕೆಂಡು. ಏಳು ಸೆಕೆಂಡು. ಇಪ್ಪತ್ತೆರಡು. ಒಂಬತ್ತು. ಕಪ್ಪು, ಕಪ್ಪು, ಮತ್ತೂ ಕಪ್ಪು. ಗಾಡಿ ತಗ್ಗಿಗೆ ಬಿದ್ದಾಗಲೆಲ್ಲ ಈ ಮುದಿ ಕ್ಯಾಮೆರಾ ನಿಂತಿದೆ. ಕಣ್ಣು ಉರಿಯತೊಡಗಿತು. ಎತ್ತಿ ಕೆರೆಗೆ ಒಗೆಯಬೇಕು ಅನ್ನಿಸಿತು.

ಎಂಬತ್ತೊಂದನೇ ತುಂಡು ನಾಲ್ಕು ನಿಮಿಷ ಹತ್ತು ಸೆಕೆಂಡು.

ಮತ್ತೊಮ್ಮೆ ನೋಡಿದೆ. ಹೌದು, ನಾಲ್ಕು ನಿಮಿಷ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದೆ. ಆಮೇಲೆ ಎದ್ದು ಜಯಶ್ರೀಯವರ ಹತ್ತಿರ ಹೋದೆ.

"ಮೇಡಂ, ಅದ ಗಾಡಿ, ಅದ ಡ್ರೈವರ್, ಅದ ಹಾದಿ. ಇನ್ನೊಮ್ಮೆ ಹೋಗಿ ಬರೋಣ ನಡೀರಿ."

* * *

ಕ್ಯಾಮೆರಾವನ್ನು ಬೆಳಿಗ್ಗೆ ಇದ್ದಲ್ಲೇ ಕಟ್ಟಿದೆವು. ಕರಿಗುಂಡನ ಗೆಜ್ಜೆಪಟ್ಟಿಯನ್ನು ಸರಳಿಗೆ ಬಿಗಿದೆವು. ಮಾಲತೇಶ ಓಡಿಸಿದ, ಪಕ್ಕದಲ್ಲಿ ಜಯಶ್ರೀ ಕುಳಿತರು. ನಾನು ಹಿಂದೆ ನಿಂತೆ. ಅಕ್ಕಿಆಲೂರು ಮುಟ್ಟಿ ಹಿರೇಕೆರೂರಿಗೆ ಹಿಂದಿರುಗುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು.

ಠಾಣೆಯಲ್ಲಿ ಎಲ್ಲರನ್ನೂ ಕೂರಿಸಿದೆ.

"ಈಗ ನೋಡ್ರಿ. ಗಾಡಿ ಓಡುವಾಗ ಈ ಕ್ಯಾಮೆರಾ ಒಮ್ಮೆಯೂ ನಲವತ್ತು ಸೆಕೆಂಡು ದಾಟಿಲ್ಲ. ದುರ್ಗವ್ವನ ಕಟ್ಟಿ ಹತ್ರ ಮೇಡಂ ನಿಲ್ಲಿಸಂದ್ರಲ್ಲ, ಅಲ್ಲಿ ಮಾತ್ರ ಐದು ನಿಮಿಷ ತುಂಡಾಗದಂಗ ನಡದೈತಿ. ಹಂಗಾರ ಬೆಳಿಗ್ಗೆ ನಾಲ್ಕು ನಿಮಿಷ ಹೆಂಗ ನಡೀತು, ಮಾಲತೇಶ?"

"ಹಾದಿ ಅಲ್ಲಿ ಚೊಲೋ ಇತ್ತೇನೋ," ಎಂದ ಮಾಲತೇಶ. "ಬೇಕಾದ್ರ ಕೇಳ್ರಿ, ಇಂಜಿನ್ ಸಪ್ಪಳ ಬರಾಕತ್ತಿರತೈತಿ."

"ಇಂಜಿನ್ ಐತಿ. ಗೆಜ್ಜಿ ಎಲ್ಲೈತಿ?"

ಅವನು ಬಾಗಿಲ ಕಡೆ ನೋಡಿದ.

ನಾನು ಎಂಬತ್ತೊಂದನೇ ತುಂಡು ಹಚ್ಚಿ ಧ್ವನಿ ಜೋರು ಮಾಡಿದೆ. ಇಂಜಿನ್ ಗುರುಗುಡುತ್ತಿದೆ, ಗೆಜ್ಜೆ ಮಾತ್ರ ಸುಮ್ಮನಿದೆ. ಓಡುವ ಗಾಡಿಯಲ್ಲಿ ಗೆಜ್ಜೆ ಬಾಯಿ ಮುಚ್ಚುವುದಿಲ್ಲ. ಹಿಂಬಾಗಿಲ ಸರಪಳಿ ಸದ್ದು. ಮೈಲಾರಪ್ಪನ ದನಿ: "ಇಲ್ಲೇ ಇರು ಮಗನ, ಕಾಯಿ ಒಡದು ಬರ್ತೇನಿ." ಬಳಿಕ ಕಿರ್‍ರ್ ಎಂದು ಬಾಗಿಲು.

"ಇದು ಡ್ರೈವರ್ ಬಾಗಿಲು. ಇವತ್ತು ನೀ ಇಳದಾಗೆಲ್ಲಾ ಹಿಂಗ ಕಿರುಗುಟ್ಟೇತಿ." ಬೆರಳೆತ್ತಿದೆ. "ಈಗ ಕಿವಿಗೊಟ್ಟು ಕೇಳ್ರಿ."

ದೂರದಲ್ಲಿ ಟಪ್ ಎಂದು ಕಾಯಿ ಒಡೆಯಿತು. ಅದೇ ಗಳಿಗೆಗೆ, ಹತ್ತಿರದಲ್ಲಿ, ಗೆಜ್ಜೆ ಒಮ್ಮೆಲೇ ಝಲ್ಲೆಂದಿತು. ಹೋರಿ ನೋವಿನಿಂದ ಗುಟುರು ಹಾಕಿತು.

"ಕಾಯಿ ಕಟ್ಟಿ ಮ್ಯಾಲೆ ಒಡೀತು. ಅದ ಹೊತ್ತಿಗೆ ಸೂಜಿ ಗಾಡ್ಯಾಗ ಚುಚ್ಚಿತು," ಎಂದೆ. "ಮೈಲಾರಪ್ಪ ಎರಡೂ ಕಡೆ ಇರಾಕ ಆಗತೈತೇನು? ಗಾಡ್ಯಾಗ ಬಂದವರು ನೀವಿಬ್ಬರ. ಚಿತ್ರ ಕಪ್ಪೈತಿ ಅಂತ ನೀ ಧೈರ್ಯ ಮಾಡಿದಿ. ಇದಕ್ಕ ಕಿವಿನೂ ಐತಿ ಅನ್ನೂದು ಮರತಿ."

ಜಯಶ್ರೀ ಅವನ ಹೆಗಲ ಮೇಲೆ ಕೈಯಿಟ್ಟರು. "ಮುಚ್ಚಳಾನೂ ನೀನ ಗಂಟಿನಾಗ ಹಾಕಿದಿ. ಹೌದಲ್ಲೋ? ಶಿಗ್ಗಾವಿ ಹಾದ್ಯಾಗ ಸರ ಕತ್ತರಿಸಿದವನೂ ನೀನ?"

ಮಾಲತೇಶ ಹೌದೆನ್ನುವಂತೆ ತಲೆ ತಗ್ಗಿಸಿದ. ಅಡಿವೆವ್ವ ಅವನೆದುರು ಬಂದು ನಿಂತಳು.

"ಯಾಕೋ? ನಿನಗೇನು ಕಡಿಮಿ ಮಾಡಿದ್ನೋ ನಾನು?"

"ಅಖಾಡದ ಬ್ಯಾನರಿನಾಗ ಹೋರಿ ಬಾಜೂಕ ಯಾರ ಫೋಟೋ ಐತಿ ಅತ್ತಿ?" ಅವನು ಒದರಿದ. "ಮೂರು ವರ್ಷ ಗಾಡಿ ಓಡಿಸಿದವ ನಾನು. ಮನಿ ಮಗ ನಾನು. ಫೋಟೋ ಮಾತ್ರ ಆಳಿಂದು! ಊರಾಗ ಎಲ್ಲಾರೂ ನನ್ನ ನೋಡಿ ನಗತಾರ. ಅವನನ್ನ ನೀನ ಹೊರಗ ಹಾಕಬೇಕು ಅಂತ ಮಾಡಿದ್ನಿ."

ಆ ಬ್ಯಾನರ್ ಮಾಡಿಕೊಟ್ಟವಳೂ ನಾನೇ. ನನ್ನ ಹಣೆಬರಹ ನೋಡಿ.

* * *

ಸಂಜೆ ಐದಕ್ಕೆ ಕರಿಗುಂಡ ಕಾಲೂರಿ ಎದ್ದು ನಿಂತಿತು. ಡಾಕ್ಟರ್ ಒಂದೆರಡು ಚೂರು ತಿನ್ನಿಸಬಹುದು ಎಂದರು. ಮೈಲಾರಪ್ಪ ಬೆಳಗಿನಿಂದ ಹಿಡಿದುಕೊಂಡಿದ್ದ ಕಾಯಿಹೋಳನ್ನು ಚೂರು ಮಾಡಿ ಅದರ ಬಾಯಿಗಿಟ್ಟ.

ಅಡಿವೆವ್ವ ಸೆರಗು ಹಿಡಿದು ಪಕ್ಕಕ್ಕೆ ಬಂದು ನಿಂತಳು.

"ತಪ್ಪಾತೋ ಮೈಲಾರಪ್ಪ. ಮನಿಗೆ ನಡಿ."

ಅವನು ಹೋರಿಯ ಕೊರಳಡಿಯ ಗಂಗೆದೊಗಲು ನೀವುತ್ತಲೇ ಹೇಳಿದ. "ಹನ್ನೆರಡು ವರ್ಷ ನಿಮ್ಮ ಮನ್ಯಾಗ ದುಡದೇನ್ರಿ ಅವ್ವಾರ. ನನ್ನ ಮಾತು ಖರೇ ಅಂತ ಈ ಕೆಟ್ಟ ಕ್ಯಾಮೆರಾ ಹೇಳಬೇಕಾತು."

ಅಡಿವೆವ್ವ ಕೈ ಚಾಚಿದಳು.

"ದುರ್ಗವ್ವನ ಕಾಯಿ, ನನಗೂ ಒಂದು ಚೂರು ಕೊಡೋ."

ಮೈಲಾರಪ್ಪ ಕೈಯಲ್ಲಿದ್ದ ಕೊನೆಯ ಚೂರನ್ನು ನೋಡಿದ. ಆಮೇಲೆ ಅದನ್ನೂ ಹೋರಿಗೇ ತಿನ್ನಿಸಿದ.