ಒಂದೇ ರಿಂಗಿಗೆ ನಿಂತ ಫೋನು

"ಸಕ್ಕರೆ ಎರಡು ಚಮಚ... ಅಲ್ವಾ?"

ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಮಾರ್ಲಿಸ್‌ಳ ಕೈ ಹಾಗೇ ನಿಂತಿತು. ಆ ದನಿ!

ತಿರುಗಿದಳು. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಆದರೆ ಎಡಗಡೆ ಹುಬ್ಬು ಮಾತ್ರ ಹಿಂದಿನ ಹಾಗೇ ಮೇಲಕ್ಕೆ ಏರಿತ್ತು.

"ಸಕ್ಕರೆ ಬಿಟ್ಟು ಎಷ್ಟೋ ಕಾಲವಾಯ್ತು, ಡುವೇನ್."

"ಹೌದಾ... ಏನೇನೋ ಬಿಟ್ಟೆ ಬಿಡು ನೀನು."

ಏನು ಹೇಳಿದ ಇವನು? ಬಿಟ್ಟವಳು ನಾನಾ? ಮಾರ್ಲಿಸ್‌ಗೆ ಮೈಯೆಲ್ಲ ಉರಿಯಿತು. ಆದರೆ ಜಗಳಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ! ಗಂಡ ಲಿರಾಯ್ ಕಾಯಿಲೆ ಬಿದ್ದು ಮಲಗಿದ ವರ್ಷಗಳಲ್ಲಿ ಅದೆಲ್ಲ ಖರ್ಚಾಗಿ ಹೋಗಿತ್ತು. ಅವನು ತೀರಿಕೊಂಡು ಎರಡು ಚಳಿಗಾಲ ಕಳೆದರೂ ಅವಳ ಸುಸ್ತು ಇಳಿದಿರಲಿಲ್ಲ.

ಅವತ್ತು ಅವಳ ತವರಿನ ಪಕ್ಕದ ಮನೆಯ ಮಿಸೆಸ್ ಆಲ್‌ಸ್ಟಾಡ್ ಅವರ ಶವಸಂಸ್ಕಾರ. ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಹ್ಯಾಮ್ ಇಟ್ಟ ಬನ್ನು, ಅಲುಗಾಡುವ ಹಸಿರು ಜೆಲ್ಲಿ, ನೀರಿನಂಥ ಕಾಫಿ. ನಮ್ಮ ವಿಸ್ಕಾನ್ಸಿನ್ ಕಡೆ ಯಾರು ಸತ್ತರೂ ಇದೇ ಊಟ. ಹುಟ್ಟಿದ ಹಬ್ಬಕ್ಕೂ ಹೆಚ್ಚುಕಮ್ಮಿ ಇದೇ.

ಮಾರ್ಲಿಸ್ ಬಂದು ಕುರ್ಚಿಯಲ್ಲಿ ಕುಸಿದಳು. ಡುವೇನ್ ಎದುರಿಗೇ ಬಂದು ಕೂತ. ಬೇರೆ ಜಾಗವೇ ಸಿಗಲಿಲ್ಲವೇನೋ ಪಾಪ!

ಮೇಜಿನ ಸುತ್ತ ಎಲ್ಲರೂ ಮಹಾಯುದ್ಧ ಮುಗಿದ ಮೇಲೆ ಸಾಲಾಗಿ ಹುಟ್ಟಿದವರೇ. ನಾವು ನಾಲ್ಕು ಜನ ಸೇರಿದರೆ ಮುಗಿಯಿತು, ಹಳೇದೆಲ್ಲ ಹೊರಗೆ ಬರಬೇಕು. ಬೀದಿದೀಪ ಹತ್ತುವವರೆಗೂ ಹೊರಗೆ ಆಡಿದ್ದು, ತೋಟದ ಪೈಪಿಗೇ ಬಾಯಿಟ್ಟು ನೀರು ಕುಡಿದದ್ದು, ಬಾಂಬು ಬೀಳುತ್ತದೆ ಅಂತ ಶಾಲೆಯಲ್ಲಿ ಡೆಸ್ಕಿನ ಕೆಳಗೆ ಅಡಗಿದ್ದು...

"ಆ ಕಾಲ ಎಷ್ಟು ಚೆನ್ನಾಗಿತ್ತಲ್ವೇನೇ!" ಯಾರೋ ನಿಟ್ಟುಸಿರಿಟ್ಟರು.

ಚೆನ್ನಾಗಿತ್ತಾ? ಮಾರ್ಲಿಸ್‌ಗೆ ತಲೆ ಚಿಟ್ಟು ಹಿಡಿಯಿತು. ಅವಳ ಕ್ಲಾಸಿನ ಅರ್ಧ ಹುಡುಗರನ್ನು ಹದಿನೆಂಟು ತುಂಬಿದ ಕೂಡಲೇ ಇನ್ನೊಂದು ಯುದ್ಧಕ್ಕೆಂದು ಸೈನ್ಯಕ್ಕೆ ಎಳೆದುಕೊಂಡು ಹೋಗಿದ್ದರು. ಅವರಲ್ಲಿ ಡುವೇನ್ ಒಬ್ಬ.

ಹೋಗುವ ಹಿಂದಿನ ದಿನ ಹೊಳೆದಂಡೆಯಲ್ಲಿ, ಅವನ ಅಪ್ಪನ ಪಿಕಪ್ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಇಬ್ಬರೂ ಒಂದು ಉಪಾಯ ಮಾಡಿದ್ದರು.

ದೂರದೂರಿನ ಕರೆಗೆ ದುಡ್ಡು ಎಲ್ಲಿಂದ ಬರಬೇಕು? ಅದಕ್ಕೇ ಪ್ರತಿ ಭಾನುವಾರ ಸಂಜೆ ಆರಕ್ಕೆ ಅವನು ಸೈನ್ಯದ ಶಿಬಿರದ ನಾಣ್ಯದ ಫೋನಿನಿಂದ ಅವಳ ಮನೆಗೆ ಫೋನ್ ಹಚ್ಚಬೇಕು. ಎರಡು ರಿಂಗ್ ಆದ ಮೇಲೆ ಇಡಬೇಕು. ಯಾರೂ ಎತ್ತದಿದ್ದರೆ ಹಾಕಿದ ನಾಣ್ಯ ಹಾಗೇ ವಾಪಸ್ ಬರುತ್ತದೆ. ಎರಡು ರಿಂಗ್ ಅಂದರೆ, 'ನಿನ್ನದೇ ನೆನಪು. ಕಾಯ್ತಾ ಇರು.'

ಅವನ ಮನಸ್ಸು ಬದಲಾದರೆ? ಒಂದೇ ರಿಂಗ್. ಅವಳ ಮನಸ್ಸು ಬದಲಾದರೆ? ಎತ್ತಿಬಿಡಬೇಕು. ಕೆಟ್ಟ ಮಾತು ಯಾರೂ ಬಾಯಿಬಿಟ್ಟು ಆಡುವುದು ಬೇಡ!

ಆ ವಯಸ್ಸಿನ ಜಾಣತನ ನೋಡಿ.

ಹಲವು ಭಾನುವಾರ ಅಡುಗೆಮನೆಯ ಫೋನ್ ಎರಡು ಸಲ ಹೊಡೆದುಕೊಂಡಿತು. ಅವಳ ಎದೆಯೂ ಜೊತೆಗೇ ಹೊಡೆದುಕೊಂಡಿತು. ಆಮೇಲೆ ಒಂದು ಭಾನುವಾರ... ಒಂದೇ ರಿಂಗ್! ಮತ್ತೆ ಫೋನ್ ಬರಲೇ ಇಲ್ಲ.

ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಇನ್ನೆರಡು ವರ್ಷಕ್ಕೆ ಲಿರಾಯ್ ಬಂದ. ಒಳ್ಳೆಯವನು. ಮಾರ್ಲಿಸ್ ಒಳ್ಳೆಯ ಹೆಂಡತಿಯಾಗಿದ್ದಳು. ಆದರೂ ಭಾನುವಾರ ಸಂಜೆ ಮಾತ್ರ ಅಡುಗೆಮನೆಯಲ್ಲಿ ನಿಲ್ಲಲು ಅವಳಿಗೆ ಆಗುತ್ತಿರಲಿಲ್ಲ.

"ನಮ್ಮಮ್ಮನ ಫೋನ್ ಹುಚ್ಚು ನೆನಪಿದೆಯೇನ್ರೇ?" ಸತ್ತವರ ಮಗಳು ಬೆವ್ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

"ಮರೆಯೋಕಾಗುತ್ತಾ! ನಾಲ್ಕು ಮನೆಗೆ ಒಂದೇ ಲೈನು, ಯಾರ ಫೋನನ್ನ ಯಾರು ಬೇಕಾದ್ರೂ ಎತ್ತಿ ಕೇಳ್ಬಹುದಿತ್ತು. ನಾವು ಸೀನಿದ್ರೂ ಆ ಕಡೆಯಿಂದ ನಿಮ್ಮಮ್ಮ 'ಒಳ್ಳೇದಾಗ್ಲಿ' ಅಂತಿದ್ರು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಂದು ಕಥೆ ಹೇಳ್ತೀನಿ ಕೇಳಿ," ಬೆವ್ ಮುಂದಕ್ಕೆ ಬಾಗಿದಳು. "ಮಾರ್ಲಿಸ್, ನಿಮ್ಮನೆಗೇ ಕಣೇ. ನಿಮಗೆ ಬಂದ್ರೆ ಉದ್ದ ಗಂಟೆ, ನಮಗೆ ಬಂದ್ರೆ ಗಿಡ್ಡದು, ನಾಲ್ಕೂ ಮನೇಲಿ ಕೇಳಿಸೋದು ಅಲ್ವಾ? ಪ್ರತಿ ಭಾನುವಾರ ಎರಡು ಸಲ ಹೊಡೆದು ನಿಂತುಬಿಡೋದು. ಯಾರಪ್ಪಾ ಇದು, ಗಂಟೆ ಬಾರಿಸಿ ಓಡೋರು ಅಂತ ಅಮ್ಮನಿಗೆ ತಡೆಯೋಕೇ ಆಗ್ಲಿಲ್ಲ! ಒಂದಿನ ಸ್ಟೂಲ್ ಹಾಕ್ಕೊಂಡು ಫೋನ್ ಪಕ್ಕನೇ ಕೂತಳು. ಮೊದಲನೇ ರಿಂಗಿಗೇ ಟಪ್ ಅಂತ ಎತ್ತಿಬಿಟ್ಟಳು!"

ಮಾರ್ಲಿಸ್ ಥಟ್ಟನೆ ಬೆವ್ ಕಡೆ ತಿರುಗಿದಳು.

"ಯಾರಂತೆ?" ಯಾರೋ ಕೇಳಿದರು.

"ಯಾರೋ! ಕದ್ದು ಕೇಳೋ ಅಭ್ಯಾಸ, ಅಮ್ಮನೂ ಹಲೋ ಅನ್ನಲಿಲ್ಲ, ಆ ಕಡೆಯೂ ಮಾತಿಲ್ಲ. ಸ್ವಲ್ಪ ಹೊತ್ತು ಉಸಿರಾಡಿ ಇಟ್ಟುಬಿಟ್ರಂತೆ. ಆಮೇಲೆ ಬರಲೇ ಇಲ್ಲ. ಅದು ಯಾರು ಅಂತ ಗೊತ್ತಾಗ್ಲೇ ಇಲ್ವಲ್ಲೇ ಅಂತ ಅಮ್ಮ ಮೊನ್ನೆ ಮೊನ್ನೆವರೆಗೂ ಹೇಳ್ಕೊಂಡು ಕೊರಗ್ತಿದ್ಲು."

ಮತ್ತೆ ನಗು. ಎದುರಿಗೆ ಡುವೇನ್ ಬನ್ನನ್ನು ತಟ್ಟೆಗೆ ವಾಪಸ್ ಇಟ್ಟ. ಅವನ ಮುಖ ಬಿಳಿಚಿಕೊಂಡಿತ್ತು.

ಮಾರ್ಲಿಸ್ ಎದ್ದು ಹೊರಗೆ ನಡೆದಳು. ಅವನೂ ಮೆಟ್ಟಿಲ ಕಂಬಿ ಹಿಡಿದುಕೊಂಡು ಹಿಂದೆಯೇ ಬಂದ.

"ನಾನು ಎತ್ತಲಿಲ್ಲ, ಡುವೇನ್."

"ನಾಣ್ಯ ವಾಪಸ್ ಬರ್ಲಿಲ್ಲ ಮಾರ್ಲಿಸ್... ಒಳಗೆ ಬಿತ್ತು. ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ನೀನೇ ಎತ್ತಿದೆ, ಬೇಡ ಅಂದೆ ಅಂದ್ಕೊಂಡೆ. ನಮ್ಮನೇಲಿ ನಮಗೇ ಅಂತ ಬೇರೆ ಲೈನು ಇತ್ತು. ಇನ್ನೊಬ್ರು ಎತ್ತಬಹುದು ಅಂತ ಹೊಳೀಲೇ ಇಲ್ಲ."

"ಬಂದು ಕೇಳಬಹುದಿತ್ತಲ್ಲ!"

"ನೀನೂ ಒಂದು ಸಾಲು ಬರೀಬಹುದಿತ್ತಲ್ಲ!"

ಬರೆಯಬಹುದಿತ್ತು, ಬರಬಹುದಿತ್ತು. ಇಬ್ಬರಿಗೂ ಆಗ ಹಟ! ಈಗ ಯಾರನ್ನು ಬೈಯುವುದು? ಬೈಯಬೇಕಾದವರನ್ನು ಈಗಷ್ಟೇ ಮಣ್ಣು ಮಾಡಿ ಬಂದಾಗಿತ್ತು.

"ನಾನು ಮನೆಗೆ ಹೋಗ್ತೀನಿ," ಅಂದಳು ಮಾರ್ಲಿಸ್. "ಸುಸ್ತಾಗಿದೆ."

ಮನೆಗೆ ಬಂದು ಶೂ ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತಳು. ಅಳು ಬರುತ್ತದೆ ಅಂದುಕೊಂಡಳು. ಅದೂ ಬರಲಿಲ್ಲ. ಅವನು ನನ್ನನ್ನು ಬಿಟ್ಟಿರಲಿಲ್ಲ... ಬಿಟ್ಟಿರಲೇ ಇಲ್ಲ! ಇಷ್ಟು ತಡವಾಗಿ ಗೊತ್ತಾಗಿ ಏನು ಮಾಡಲಿ? ಇನ್ನೊಬ್ಬರನ್ನು ಪ್ರೀತಿಸುವ ಶಕ್ತಿ ನನ್ನಲ್ಲಿ ಎಲ್ಲಿದೆ?

ಗೋಡೆಯ ಫೋನ್ ಹೊಡೆದುಕೊಂಡಿತು. ತೆಗೆಸಿಬಿಡಮ್ಮಾ ಅಂತ ಮಗಳು ಕಾಡುತ್ತಿದ್ದ ಅದೇ ಹಳೇ ಫೋನ್.

ಒಂದು...

ಅವಳು ಎದ್ದು ನಿಂತಳು. ನಿಲ್ಲಬೇಡ, ನಿಲ್ಲಬೇಡ...

ಎರಡು...

ಎತ್ತಿಬಿಟ್ಟಳು!

"ಅಯ್ಯೋ, ಎತ್ತಿದೆಯಾ?" ಆ ಕಡೆ ಡುವೇನ್‌ನ ದನಿ ಬಿದ್ದುಹೋಯಿತು. "ಎತ್ತಿದ್ರೆ ಬೇಡ ಅಂತ ಅಲ್ವಾ..."

"ಆ ಲೆಕ್ಕ ಎಲ್ಲಾ ಮಿಸೆಸ್ ಆಲ್‌ಸ್ಟಾಡ್ ಜೊತೆ ಮಣ್ಣಿಗೆ ಹೋಯ್ತು ಕಣೋ. ಎಲ್ಲಿದೀಯ?"

"ನಿನ್ನ ಮನೆ ಮುಂದೆ, ಕಾರಲ್ಲಿ. ಬೆವ್ ಹತ್ರ ನಂಬರೂ ವಿಳಾಸಾನೂ ಇಸ್ಕೊಂಡೆ. ಮಾರ್ಲಿಸ್, ನಿಜ ಹೇಳ್ತೀನಿ... ನಾನು ಸಾವಿಗೆ ಬಂದವನಲ್ಲ. ನೀನು ಬಂದಿರ್ತೀಯ ಅಂತ ಬಂದೆ. ನನ್ನ ಹೆಂಡತಿ ತೀರಿಹೋದ ಮೇಲೆ ಪ್ರತಿ ಭಾನುವಾರ ನಿನ್ನದೇ ನೆನಪು."

ಮಾರ್ಲಿಸ್ ಕಿಟಕಿಯ ಪರದೆ ಸರಿಸಿದಳು. ಬೂದು ಬಣ್ಣದ ಕಾರಿನಲ್ಲಿ ಬಿಳಿ ತಲೆಯೊಂದು ಫೋನಿಗೆ ಅಂಟಿಕೊಂಡಿತ್ತು. ಈಗ ಬಂತು ಅಳು!

"ನನಗೆ ಸಾಕಾಗಿದೆ ಡುವೇನ್. ಇನ್ಯಾರ ಸೇವೆನೂ ಮಾಡೋಕಾಗಲ್ಲ ನನ್ ಕೈಲಿ."

"ಮಾಡಬೇಡ. ಪಕ್ಕದಲ್ಲಿ ಕೂತ್ಕೋ, ಸಾಕು. ನನಗೂ ಸುಸ್ತೇ."

"ಮನೇಲಿ ಸಕ್ಕರೆ ಇಲ್ಲ."

"ಬೇಡ."

"ಕಾಯೋಕೂ ಇನ್ನು ಆಗಲ್ಲ ನಂಗೆ..."

"ಮಂಡಿ ನೋವು ಕಣೇ, ಇಳಿಯೋಕೆ ಒಂದು ನಿಮಿಷ ಕೊಡು. ಅಷ್ಟು ಹೊತ್ತು ಕಾಯ್ತೀಯಾ?"

ಮಾರ್ಲಿಸ್ ಕಣ್ಣೀರಲ್ಲೇ ನಕ್ಕಳು. "ಅಷ್ಟು ಕಾಯ್ತೀನಿ. ಬಾಗಿಲು ತೆಗೆದಿರ್ತೀನಿ, ಬಾ."